ಅಪ್ಪನ ಸಾಲು

"ತಂಗಿ, ನೀನು ಅರವಟ್ಟಿಗೆ ಇಟ್ಟೆ. ಯಾವನೋ ಬಂದು ಅದರಲ್ಲಿ ಎಮ್ಮೆ ತೊಳೀತಿದ್ದಾನೆ," ಎಂದು ಸರ್ವರ್ ಕೆಲಸ ಬಲ್ಲ ಗೆಳೆಯ ಕೋ ಝೇಯಾ ಫೋನಿನಲ್ಲೇ ನಕ್ಕ.

ಯಮೋನ್‌ಗೆ ನಗು ಬರಲಿಲ್ಲ. ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಯ ಎಚ್ಚರಿಕೆ ಎದುರಿಗೇ ತೆರೆದಿತ್ತು: ನಿಮ್ಮಲ್ಲಿಂದ ಮೋಸದ ಮೇಲ್‌ಗಳು ರಾಶಿರಾಶಿ ಹೋಗುತ್ತಿವೆ, ಸಂಜೆಯೊಳಗೆ ನಿಲ್ಲಿಸದಿದ್ದರೆ ಸರ್ವರನ್ನೇ ಮುಚ್ಚುತ್ತೇವೆ. ಗಡಿಯೂರು ಮೇ ಸೋತ್‌ನ ಈ ಕೋಣೆಯಲ್ಲಿ ಕೂತು ಅವಳು ನಡೆಸುತ್ತಿದ್ದುದು ಅದೊಂದನ್ನೇ. ನದಿಯಾಚೆ, ಸೈನ್ಯದ ಆಳ್ವಿಕೆಯಲ್ಲಿದ್ದ ಅವಳ ದೇಶದಲ್ಲಿ, ಸುದ್ದಿ ಓದಲು ಹೆದರುವವರು ಅದರ ಮೂಲಕ ಹಾದುಹೋಗುತ್ತಿದ್ದರು. ಯಾರು, ಯಾವ ಊರಿನವರು ಎಂದು ಅದು ಯಾರಿಗೂ ಹೇಳುತ್ತಿರಲಿಲ್ಲ. ಅವಳಿಗೂ.

"ಗೊತ್ತಿದ್ದವರನ್ನ ಮಾತ್ರ ಒಳಗೆ ಬಿಡು. ಹೆಸರು ಬರ್ಕೊ, ಪಾಸ್‌ವರ್ಡ್ ಕೊಡು."

"ಬರ್ಕೊಂಡಿದ್ದು ಸೈನ್ಯದವರ ಕೈಗೇ ಸಿಕ್ರೆ, ಅಣ್ಣಾ?"

"ಹಂಗಾದ್ರೆ ಬರೋರು ಬರ್ಲಿ, ಮೇಲ್ ಹೋಗೋ ಬಾಗ್ಲು ಮುಚ್ಚು. ಓದೋರು ಓದ್ಕೊಳ್ಳಲಿ. ಈಗ ಮೇಲ್ ಯಾರು ಹಾಕ್ತಾರೆ, ಮುದುಕ್ರು ಬಿಟ್ರೆ?"

"ನಮ್ಮಪ್ಪ ಹಾಕ್ತಾರೆ."

"ಅವರೊಬ್ರಿಗೆ ಒಂದು ಸಾಲು ಸೇರ್ಸು. ನಿಯಮ ಬರೆಯೋಳು ನೀನೇ ತಾನೆ, ಕೇಳೋರ್ಯಾರು?"

ಅಪ್ಪನದು ಗಡಿಯಾಚೆ ಪಕೊಕ್ಕು ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ. ವಾರ್ಡಿನ ಅಧಿಕಾರಿಗಳು ಆಗಾಗ ಫೋನು ಕಸಿದು ನೋಡುತ್ತಿದ್ದರಿಂದ ಮಗಳ ನಂಬರು ಅದರಲ್ಲಿರಲಿಲ್ಲ. ಶನಿವಾರ ಮಾತ್ರ ಅಂಗಡಿಯ ಹಳೆಯ ಕಂಪ್ಯೂಟರ್ ಹಾಕಿ, ಈ ಸರ್ವರ್ ಮೂಲಕ ಒಂದೇ ಸಾಲಿನ ಮೇಲ್ ಕಳಿಸುತ್ತಿದ್ದರು. ಕರೆಂಟಿಲ್ಲ. ಹುಣಸೆ ಚಿಗುರಿದೆ. ಹೋದ ವಾರ, ಬೆಕ್ಕು ಮರಿ ಹಾಕಿದೆ. ಯಾವ ಬಣ್ಣದವು ಎಂದು ಕೇಳಬೇಕೆಂದುಕೊಂಡವಳು ಇನ್ನೂ ಕೇಳಿರಲಿಲ್ಲ. ಇವತ್ತು ಗುರುವಾರ; ಈಗ ಬರೆದರೂ ಅಪ್ಪ ಓದಿ ಉತ್ತರಿಸುವುದರೊಳಗೆ ಬಾಗಿಲು ಮುಚ್ಚಿರುತ್ತದೆ.

ಅಂಗಡಿಗೆ ಇಂಟರ್ನೆಟ್ ಹಾಕಿಸಿದ್ದು ಅವಳೇ. ಅಲ್ಲಿನ ಇಂಟರ್ನೆಟ್ ವಿಳಾಸದ ಅಂಕಿಗಳು ಬಾಯಿಪಾಠವಾಗಿದ್ದವು. ಈ ವಿಳಾಸದಿಂದ ಬಂದ ಮೇಲ್ ಬಿಡು, ಎಂದು ಬರೆದಳು. ಅದರ ಕೆಳಗೆ, ಉಳಿದ ಯಾರದನ್ನೂ ಬಿಡಬೇಡ.

ಬರೆದದ್ದನ್ನು ಮೇಲಿನಿಂದ ಓದಿದಳು. ಅಷ್ಟುದ್ದದ ನಿಯಮಗಳಲ್ಲಿ ಮನುಷ್ಯರ ಸುಳಿವೆಂದರೆ ಆ ಒಂದು ಸಾಲು. ನಾಳೆ ಈ ಸರ್ವರ್ ಯಾರ ವಶವಾದರೂ ಅದನ್ನೇ ಹಿಡಿದು ನೇರ ಅಪ್ಪನ ಅಂಗಡಿಗೆ ನಡೆದುಹೋಗಬಹುದು.

ಕಟ್ಟಿಟ್ಟ ಅನ್ನದ ಪೊಟ್ಟಣ ಬಿಚ್ಚಿದಳು, ಮತ್ತೆ ಮಡಿಸಿಟ್ಟಳು. ಆಮೇಲೆ ಆ ಸಾಲನ್ನು ಒಂದೊಂದೇ ಅಂಕಿಯಾಗಿ ಅಳಿಸಿ, ಉಳಿದದ್ದನ್ನು ಜಾರಿಗೆ ತಂದಳು.

ಶನಿವಾರ ಮಧ್ಯಾಹ್ನದವರೆಗೂ ಮೇಲ್ ಪೆಟ್ಟಿಗೆ ತೆರೆದಿಟ್ಟುಕೊಂಡೇ ಇದ್ದಳು; ಏನೂ ಬರಲಿಲ್ಲ. ಕೆಳಗಿನಿಂದ ಮನೆಯೊಡತಿ ಕೂಗಿದಳು. "ಏ ಹುಡುಗೀ, ನಿನ್ ನೀರಿನ ಮಡಕೆ ಖಾಲಿ! ಯಾರ್ಯಾರೋ ಕುಡ್ದು ಹೋಗ್ತಾರಲ್ಲ, ಒಬ್ರಾದ್ರೂ ನಿನ್ನ ಹೆಸರು ಕೇಳಿದಾರೇನೆ?"

"ಇಲ್ಲ ಚಿಕ್ಕಮ್ಮ."

ಕೊಡ ಎತ್ತಿಕೊಂಡು ಗೇಟಿಗೆ ಬಂದಳು. ದಾರಿಹೋಕರಿಗೆಂದು ಅಪ್ಪ ಅಂಗಡಿಯ ಮುಂದೆ ಇಡುತ್ತಿದ್ದಂಥದ್ದೇ ಮಣ್ಣಿನ ಮಡಕೆ. ಮುಚ್ಚಳದ ಮೇಲೆ ಬೋರಲು ಹಾಕಿದ ಲೋಟ. ಲೋಟದ ಅಂಚಿನಿಂದ ಇನ್ನೂ ಹನಿ ಇಳಿಯುತ್ತಿತ್ತು. ಓಣಿಯ ಎರಡೂ ಕಡೆ ನೋಡಿದಳು. ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.