ರೊಟ್ಟಿ ಬುಟ್ಟಿಗೆ ಕೊಟ್ಟ ಮೊಬೈಲು

ಹೇಳಲೋ ಬೇಡವೋ ಎಂದು ನಾಲ್ಕು ಸಲ ಕೂತು ಎದ್ದು, ಕೊನೆಗೆ ಬರೆಯುತ್ತಿದ್ದೇನೆ. ನಾನು ಸುವರ್ಣಾ, ಇಂಡಿ ತಾಲೂಕಿನ ತಾಂಬಾದವಳು. ನಮ್ಮ ಓಣಿಯ ಹನ್ನೆರಡು ಹೆಂಗಸರ ಸ್ವಸಹಾಯ ಸಂಘಕ್ಕೆ ಆರು ವರ್ಷದಿಂದ ನಾನೇ ಪ್ರತಿನಿಧಿ. ಸಂಘದಲ್ಲಿ ದೊಡ್ಡ ಮೊಬೈಲು ಮೊದಲು ಹಿಡಿದವಳೂ ನಾನೇ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ, ಮೊಬೈಲಿನ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತಾಗಿತ್ತು.

ನಮ್ಮ ಊರಿಗೆ ವಾರಕ್ಕೊಮ್ಮೆ ಮೋಟರ್ ಸೈಕಲ್ ಮೇಲೆ ಒಬ್ಬ ಬರುತ್ತಾನೆ. ನಿಮ್ಮ ಊರಿಗೂ ಬರುತ್ತಿರಬೇಕು. ಹಿಂದೆ ಬುಟ್ಟಿ, ಬಕೀಟು, ಡಬ್ಬಿಗಳ ಗುಡ್ಡ, ಮುಂದೆ ಮೈಕಿನ ಒಂದು ಭೋಂಗಾ. "ಹಳೇ ಮೊಬೈಲ್, ಕೆಟ್ಟ ಮೊಬೈಲ್, ಡಿಸ್‌ಪ್ಲೇ ಒಡೆದ ಮೊಬೈಲ್ ಕೊಡ್ರಿ, ಬುಟ್ಟಿ ತಗೋರಿ" ಎಂದು ಭೋಂಗಾ ಒದರುತ್ತದೆ. ಅವನು ಬಾಯಿ ಬಿಡುವ ಕೆಲಸವೇ ಇಲ್ಲ.

ಸಂಕ್ರಮಣ ಹತ್ತಿರ ಬಂದಿತ್ತು. ಸಜ್ಜೆ ರೊಟ್ಟಿ ಬಡಿದು ಇಡಲು ಮುಚ್ಚಳದ ಬುಟ್ಟಿ ಬೇಕಿತ್ತು. ನನ್ನ ಹಳೆಯ ಮೊಬೈಲು ಹೊಸ್ತಿಲ ಕಲ್ಲಿನ ಮೇಲೆ ಬಿದ್ದು ಡಿಸ್‌ಪ್ಲೇ ಪುಡಿಯಾಗಿತ್ತು. ಸಿಮ್ ತೆಗೆದು ಹೊಸದಕ್ಕೆ ಹಾಕಿಕೊಂಡು, ಅದನ್ನು ಗೋಡೆಯ ಮಾಡಿನಲ್ಲಿ ಎಸೆದು ಎರಡು ತಿಂಗಳಾಗಿತ್ತು. ಕೊಟ್ಟೆ. ನೀಲಿ ಬುಟ್ಟಿ ತೆಗೆದುಕೊಂಡೆ. ಜಗಳ ಮಾಡಿ ಮೇಲೆ ಒಂದು ಸೌಟನ್ನೂ ಕಸಿದುಕೊಂಡು, ಓಣಿಯಲ್ಲಿ ಎಲ್ಲರಿಗೂ ತೋರಿಸಿ ಮೆರೆದೆ.

ಮೂರು ವಾರದ ಮೇಲೆ ಹೊಸ ಮೊಬೈಲಿನ ಫೋಟೋಗಳಲ್ಲಿ ಒಂದು ಎಮ್ಮೆ ಬಂತು. ನಾನು ಹೊಡೆದ ಫೋಟೋ ಅಲ್ಲ, ನಮ್ಮ ಎಮ್ಮೆಯೂ ಅಲ್ಲ. ಮರುದಿನ ಒಬ್ಬ ಮೀಸೆಯ ಗಂಡಸು, ಅವನ ಅಂಗಳ, ಮತ್ತೆ ಅದೇ ಎಮ್ಮೆ. ಶುಕ್ರವಾರದ ಸಭೆಯಲ್ಲಿ ತೋರಿಸಿದೆ. ಎಲ್ಲರೂ ನಕ್ಕರು.

"ಎಮ್ಮಿ ಚೊಲೋ ಐತಿ. ಹಾಲು ಎಷ್ಟು ಕೊಡತೈತಿ ಕೇಳು" ಎಂದಳು ಹಿರಿಯಳಾದ ಲಕ್ಕವ್ವ.

"ಇಂಟರ್‌ನೆಟ್‌ದಾಗ ಇಂಥಾವೆಲ್ಲಾ ಆಗತಿರತಾವಬೇ ಆಯಿ" ಎಂದೆ ನಾನು, ಎಲ್ಲ ಬಲ್ಲವಳ ಹಾಗೆ. ಆ ದಿನ ನಾನು ನಕ್ಕ ನಗೆ ನೆನಪಾದರೆ ಇವತ್ತಿಗೂ ಎಲ್ಲಿಯಾದರೂ ಅಡಗಿಕೊಳ್ಳಬೇಕು ಅನ್ನಿಸುತ್ತದೆ.

ಇಂಡಿಯ ಬಸ್ ಸ್ಟ್ಯಾಂಡಿನ ಹತ್ತಿರ ಫಿರದೋಸ ಮತ್ತು ಅವಳ ಗಂಡ ಯುನೂಸ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಹೊಸ ಮೊಬೈಲಿಗೆ ಗ್ಲಾಸ್ ಹಾಕಿಸಲು ಹೋದವಳು, ಅವಳನ್ನೂ ನಗಿಸೋಣ ಎಂದು ಎಮ್ಮೆಯನ್ನು ತೋರಿಸಿದೆ. ಫಿರದೋಸ ನಗಲಿಲ್ಲ.

"ಅಕ್ಕಾರ, ನಿಮ್ಮ ಹಳೇ ಮೊಬೈಲ್ ಎಲ್ಲೈತ್ರಿ?"

"ಬುಟ್ಟಿ ಮಾರಾಂವಗ ಕೊಟ್ಟೇನಿ."

"ಅಳಿಸಿ ಕೊಟ್ರೇನ್ರಿ?"

"ಏನ್ ಅಳಸೂದು ಅದರಾಗ? ಡಿಸ್‌ಪ್ಲೇ ಒಡದು ಏನೂ ಕಾಣತಿದ್ದಿಲ್ಲ."

"ಕನ್ನಡಿ ಒಡದ್ರ ಮಾರಿ ಹೋಗತೈತೇನ್ರಿ? ಡಿಸ್‌ಪ್ಲೇ ಅಂದ್ರ ಮ್ಯಾಲಿನ ಗಾಜು ಅಷ್ಟ. ನಿಮ್ಮ ಫೋಟೋ, ನಂಬರ, ಕಾಗದಪತ್ರ ಎಲ್ಲಾ ಒಳಗಿನ ಬೋರ್ಡಿನಾಗ ಇರತಾವು. ಯಾರೋ ಹೊಸಾ ಡಿಸ್‌ಪ್ಲೇ ಹಚ್ಚಿ ಮಾರ್ಯಾರ. ತಗೊಂಡಾಂವ ನಿಮ್ಮ ಗೂಗಲ್ ಅಕೌಂಟಿನಾಗ ಕುಂತು ಫೋಟೋ ಹೊಡ್ಯಾಕತ್ತಾನ. ಅದಕ್ಕ ಇಲ್ಲಿ ಬಂದು ಬೀಳಾಕತ್ತಾವು. ಲಾಕ್ ಹಾಕಿದ್ರೇನ್ರಿ?"

"ಇಲ್ಲವಾ. ನಮ್ಮ ಮನಿಯಾಗ ಕಳ್ಳರು ಯಾರದಾರ ಅಂತ."

ಫಿರದೋಸ ಕೈಯಲ್ಲಿನ ಚಿಮಟಾ ಕೆಳಗಿಟ್ಟಳು. "ಅವನ ಎಮ್ಮಿ ನಿಮಗ ಕಾಣಾಕತ್ತೈತಿ ಅಂದ್ರ, ನಿಮ್ಮ ಮನಿ ಅವಂಗ ಕಾಣಾಕತ್ತೈತ್ರಿ ಅಕ್ಕಾರ. ಏನೇನ್ ಇತ್ತು ಅದರಾಗ?"

ನನ್ನ ಮನೆಯದಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅರ್ಜಿ ತುಂಬುವಾಗ ಬೇಕೆಂದು ಹನ್ನೆರಡು ಹೆಂಗಸರ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಎಲ್ಲದರ ಫೋಟೋ ಹೊಡೆದು ಇಟ್ಟುಕೊಂಡಿದ್ದೆ. ಅದಕ್ಕೂ ಮಿಗಿಲಾದದ್ದು ಒಂದಿತ್ತು. ಸಂಘದ ಯಶೋಧಾಳ ಜೊತೆ ವಿಜಯಪುರದ ದವಾಖಾನೆಗೆ ಒಂದು ತಪಾಸಣೆಗೆ ಹೋಗಿದ್ದೆ. ಆ ತಪಾಸಣೆಯ ವರದಿ ಅವಳ ಮನೆಯವರಿಗೆ ಗೊತ್ತಾಗಬಾರದೆಂದು ಕಾಗದವನ್ನು ಅಲ್ಲಿಯೇ ಹರಿದು, ಫೋಟೋ ಮಾತ್ರ ನನ್ನ ಮೊಬೈಲಿನಲ್ಲಿ ಇಟ್ಟಿದ್ದಳು. ಅದು ಎಂಥ ವರದಿ ಎಂದು ಇಲ್ಲಿ ಬರೆಯುವುದಿಲ್ಲ, ಅವಳ ಹೆಸರನ್ನೂ ಬದಲಿಸಿದ್ದೇನೆ. ಒಮ್ಮೆ ಬಯಲಿಗೆ ಇಟ್ಟದ್ದು ಸಾಕು.

ಇದನ್ನೆಲ್ಲ ಹೇಳುವಾಗ ಫಿರದೋಸಳ ಮುಖ ನೋಡಲಾಗದೆ ಅವಳ ಟೇಬಲ್ಲಿನ ಸ್ಕ್ರೂಗಳನ್ನೇ ನೋಡುತ್ತಿದ್ದೆ. ಅವಳು ಬಯ್ಯಲಿಲ್ಲ. ನನ್ನ ಹೊಸ ಮೊಬೈಲಿನಿಂದಲೇ ಗೂಗಲ್‌ನಲ್ಲಿ ಕಳೆದ ಮೊಬೈಲು ಹುಡುಕುವ ಜಾಗಕ್ಕೆ ಹೋದಳು. ಹಳೆಯ ಮೊಬೈಲಿನ ಹೆಸರು ಬಂತು. ಚಾಲೂ ಇತ್ತು, ಸಿಂದಗಿ ತಾಲೂಕಿನ ಯಂಕಂಚಿಯ ಹತ್ತಿರ ಇತ್ತು.

"ಈಗ ಇಲ್ಲಿಂದ ಅಳಸಾಕ ಬರತೈತಿ. ಆದ್ರ ಅವನ ಫೋಟೋನೂ ಹೋಗತಾವು, ಪಾಪ. ಆಮ್ಯಾಲ ಮತ್ತ ಚಾಲೂ ಮಾಡಬೇಕಂದ್ರ ನಿಮ್ಮ ಪಾಸ್‌ವರ್ಡ್ ಕೇಳತೈತಿ. ಹಳೇದು ತಗೊಳ್ಳೂವಾಗ ಬಿಲ್ ಕೇಳಿ, ಮೊದಲಿನವರ ಅಕೌಂಟ್ ತಗಿಸಿ ತಗೋಬೇಕಿತ್ತು. ಅವನೂ ನಿಮ್ಮಂಗ ಅವಸರ ಮಾಡ್ಯಾನ. ಒತ್ರಿ."

ಒತ್ತಿದೆ. ಸ್ವಲ್ಪ ಹೊತ್ತಿಗೆ ಅಳಿಸಿತು ಎಂದು ಬಂತು.

"ಮುಗೀತಲ್ಲವಾ?" ಎಂದೆ.

"ಮೊಬೈಲಿನಾಗಿಂದು ಮುಗೀತ್ರಿ. ಇಷ್ಟು ದಿನದಾಗ ಯಾರ್ ನೋಡ್ಯಾರ, ಯಾರಿಗೆ ಕಳಿಸ್ಯಾರ, ಅದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಹನ್ನೆರಡೂ ಮಂದಿಗೆ ಹೇಳ್ರಿ. ಯಾರರ ಫೋನ್ ಮಾಡಿ ಆಧಾರ್ ನಂಬರ ಬರೋಬ್ಬರಿ ಹೇಳಿದ್ರ, ಬ್ಯಾಂಕಿನವರೇ ಅಂತ ನಂಬಿ ಓಟಿಪಿ ಕೊಟ್ಟುಬಿಡತಾರ. ನೀವು ಹೇಳಲಿಲ್ಲಂದ್ರ ಅವರು ಹೆಂಗ ಹುಷಾರಾಗಬೇಕ್ರಿ?"

ಮನೆಗೆ ಬಂದು ಗಂಡ ರಾವಸಾಬರಿಗೆ ಹೇಳಿದೆ. "ಅಳಿಸಿ ಬಂದಿಯಲ್ಲ, ಸುಮ್ಮನಿರು. ಹೇಳಿದ್ರ ನಾಳೆ ಒಬ್ಬಾಕಿನೂ ನಿನ್ನ ಮಾತು ಕೇಳಂಗಿಲ್ಲ" ಎಂದರು. ನಿಜ ಹೇಳುತ್ತೇನೆ, ಆ ಮಾತು ಹಿತವಾಗಿತ್ತು. ಎರಡು ದಿನ ಅದನ್ನೇ ಹಿಡಿದುಕೊಂಡು ಸುಮ್ಮನಿದ್ದೆ. ಯಶೋಧಾ ಬಾವಿಯ ದಾರಿಯಲ್ಲಿ ಎದುರು ಬಂದರೆ ಬೇರೆ ಸಂದಿ ಹಿಡಿದು ಹೋದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನ ಮಾನ ಬುಟ್ಟಿಗೆ ಹೋಗಿತ್ತು, ಆ ಬುಟ್ಟಿಯಲ್ಲಿನ ರೊಟ್ಟಿಯನ್ನು ದಿನಾ ಉಣ್ಣುತ್ತಿದ್ದೆ.

ಮೂರನೆಯ ದಿನ ಯಶೋಧಾಳ ಮನೆಗೆ ಹೋದೆ. ಅವಳ ಅತ್ತೆ ಹೊಲಕ್ಕೆ ಹೋಗಿದ್ದಳು. ಯಶೋಧಾ ಜೋಳ ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಮೊರ ಆಡಿಸುತ್ತಿದ್ದ ಕೈ ನಿಂತಿತು.

"ತಪ್ಪಾತವ ಯಶೋಧಾ. ಮೊಬೈಲಿನಾಗ ಇತ್ತು ಅನ್ನೂದ ಮರತಬಿಟ್ಟೆ."

ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು: "ಅಕ್ಕಾರ, ನಾ ಅದನ್ನ ಮೊಬೈಲಿನಾಗ ಇಟ್ಟಿದ್ದಿಲ್ಲ. ನಿಮ್ಮ ಕಡೆ ಇಟ್ಟಿದ್ದೆ."

ಅಲ್ಲಿಂದ ಮನೆಗೆ ಹೇಗೆ ಬಂದೆನೋ ತಿಳಿಯದು.

ಆ ಶುಕ್ರವಾರದ ಸಭೆಗೆ ನೀಲಿ ಬುಟ್ಟಿಯನ್ನು ಹಿಡಿದುಕೊಂಡು ಹೋಗಿ ನಡುವೆ ಇಟ್ಟೆ. ಯಶೋಧಾಳ ವರದಿಯ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಇಬ್ಬರು ಬಾಯಿಗೆ ಬಂದಂತೆ ಬೈದರು. ಬೈಯಿಸಿಕೊಂಡೆ. ಲಕ್ಕವ್ವ ಬುಟ್ಟಿಯನ್ನು ತಿರುಗಿಸಿ ನೋಡಿ, "ಹನ್ನೆರಡ ಮಂದಿದು ಕೊಟ್ಟು ಒಂದ ಬುಟ್ಟಿ ತಂದಿಯಲ್ಲಬೇ. ತುಟ್ಟಿ ಆತು" ಎಂದಳು. ಯಾರೂ ನಗಲಿಲ್ಲ, ಅವಳೂ ನಗಲಿಲ್ಲ.

ಆದರೆ ಹೇಳಿದ್ದು ಉಪಯೋಗಕ್ಕೆ ಬಂತು. ಎಂಟು ದಿನಕ್ಕೆ ಲಕ್ಕವ್ವನಿಗೇ ಫೋನು ಬಂತು. ಬ್ಯಾಂಕಿನಿಂದ ಎಂದರು, ಆಧಾರ್ ನಂಬರು ಸರಿಯಾಗಿ ಹೇಳಿದರು, ಓಟಿಪಿ ಕೇಳಿದರು. ನನ್ನ ಮೊಬೈಲಿನಿಂದಲೇ ಹೋದ ನಂಬರೋ ಬೇರೆ ಕಡೆಯದೋ, ದೇವರಿಗೇ ಗೊತ್ತು. "ಬ್ಯಾಂಕ್ ನಮ್ಮೂರಾಗ ಐತಿ, ನಾನ ಬರತೇನಿ" ಎಂದು ಹೇಳಿ ಅವಳು ಫೋನು ಇಟ್ಟಳು. ಆ ಸುದ್ದಿ ಕೇಳಿದ ನನ್ನ ಗಂಡ ತಮ್ಮ ಮೊಬೈಲು ತಂದು ನನ್ನ ಮುಂದೆ ಇಟ್ಟು, "ಇದಕ್ಕೊಂದು ಲಾಕ್ ಹಾಕು" ಎಂದರು. "ನೀವ ಹಾಕ್ರಿ, ಲಾಕಿನ ನಂಬರ ನನಗ ಹೇಳಬ್ಯಾಡ್ರಿ" ಎಂದೆ.

ಒಂದು ತಿಂಗಳ ಮೇಲೆ ಯಶೋಧಾ ತನ್ನ ಗಂಡನ ಹಳೆಯ ಮೊಬೈಲು ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದಳು. ಅಳಿಸಿ ಕೊಡಬೇಕಂತೆ. ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ.

"ಎಲ್ಲಿ ಒತ್ತಬೇಕು ಹೇಳ್ರಿ ಅಕ್ಕಾರ. ನಾನ ಒತ್ತತೇನಿ."

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಹೇಳಿಕೊಟ್ಟೆ. ಬೇಕಾದ ಫೋಟೋ ಮೊದಲು ಬೇರೆ ಕಡೆ ಇಟ್ಟುಕೋ. ಸಿಮ್ಮು, ಮೆಮರಿ ಕಾರ್ಡು ತೆಗಿ. ಸೆಟ್ಟಿಂಗ್ಸಿಗೆ ಹೋಗಿ ಗೂಗಲ್ ಅಕೌಂಟ್ ತೆಗಿ. ಆಮೇಲೆ ಫ್ಯಾಕ್ಟರಿ ರೀಸೆಟ್ ಒತ್ತು. ಅವಳು ಒಂದೊಂದಾಗಿ ಒತ್ತಿದಳು. ನನ್ನ ಬೆರಳು ಒಮ್ಮೆಯೂ ಆ ಮೊಬೈಲಿಗೆ ತಾಗಲಿಲ್ಲ.

ಇದನ್ನು ನಿಮ್ಮ ಸಂಘದಲ್ಲಿ ಓದಿ ಹೇಳುತ್ತಿರುವ ಅಕ್ಕ, ಒಂದು ಗಳಿಗೆ ಓದು ನಿಲ್ಲಿಸಿ ಎಲ್ಲರನ್ನೂ ಕೇಳಿರಿ: ಯಾರ ಮಾಡಿನಲ್ಲಿ ಒಡೆದ ಮೊಬೈಲು ಬಿದ್ದಿದೆ? ಡಿಸ್‌ಪ್ಲೇ ಹೋಗಿದ್ದರೆ ರಿಪೇರಿ ಅಂಗಡಿಗೆ ಒಯ್ದು, ಎದುರಿಗೆ ಕೂತು ಅಳಿಸಿಕೊಂಡು ಬನ್ನಿರಿ. ಕೈಯಲ್ಲಿರುವ ಮೊಬೈಲಿಗೆ ಇವತ್ತೇ ಲಾಕ್ ಹಾಕಿರಿ. ಹಣ ಹೋದರೆ ನಾಚಿಕೊಂಡು ಕೂಡಬೇಡಿರಿ, ಆ ಕ್ಷಣವೇ ಸೈಬರ್ ಸಹಾಯವಾಣಿ 1930ಕ್ಕೆ ಫೋನು ಮಾಡಿರಿ. ತಪ್ಪು ಮಾಡಿದ್ದರೆ ನನ್ನ ಹಾಗೆ ಎರಡು ದಿನ ಸಂದಿ ಹಿಡಿದು ತಿರುಗಬೇಡಿರಿ, ಹೇಳಿಬಿಡಿರಿ.

ಭೋಂಗಾ ನಾಳೆ ನಿಮ್ಮ ಓಣಿಗೂ ಬರುತ್ತದೆ. ಮೊದಲು ಅಳಿಸಿರಿ, ಬುಟ್ಟಿ ಆಮೇಲೆ.