ಹೊಸ ಜನರೇಟರಿಗೆ ಹಳೆಯ ಅಂಕಿ

೧.
ಎಲ್ಲಿಂದ ಶುರು ಮಾಡಲಿ? ಸಮುದ್ರದಿಂದ ಅನ್ನೋಣವೆಂದರೆ ನಮ್ಮ ಇಂಜಿನಿಯರಮ್ಮ ಹಡಗು ಹತ್ತಿದವಳೇ ಅಲ್ಲ. ಅವಳ ಹಡಗೆಲ್ಲ ಮೂರನೇ ಮಹಡಿಯ ಕಂಪ್ಯೂಟರಿನೊಳಗೆ. (ಅಲೆಗಳ ಬಗ್ಗೆ ಬರೆದಿದ್ದ ಒಂದೂವರೆ ಪುಟ ಹರಿದು ಹಾಕಿದೆ. ನಿಮಗೇನೂ ನಷ್ಟವಿಲ್ಲ.)

೨.
ಸರಿ, ಜನರೇಟರಿನಿಂದಲೇ. ಇದು ಸೂಪರ್‌ಕಂಡಕ್ಟರ್ ಜಾತಿಯದು. ವಿಪರೀತ ತಣ್ಣಗಿಟ್ಟರೆ ಒಳಗಿನ ಸುರುಳಿಯಲ್ಲಿ ಕರೆಂಟು ನಿರಾತಂಕವಾಗಿ ಹರಿಯುತ್ತದೆ. ಗಾತ್ರ ಅರ್ಧ, ಶಕ್ತಿ ಅಷ್ಟೇ. ದೊಡ್ಡ ಮೋಟಾರು ದಿಢೀರನೆ ಚಾಲೂ ಆದರೂ ವೋಲ್ಟೇಜು ಜಗ್ಗುವುದಿಲ್ಲ, ಯಂತ್ರದ ಒಳತಡೆ ಅಷ್ಟು ಕಡಿಮೆ. ಎಲ್ಲಾದರೂ ಶಾರ್ಟ್ ಆದರೆ ಕರೆಂಟು ನುಗ್ಗುವುದೂ ಅದೇ ಕಾರಣಕ್ಕೆ. (ಪಾಠ ಮುಗಿಯಿತು. ಆಕಳಿಸಬೇಡಿ, ನನಗೂ ಬರುತ್ತದೆ.)

೩.
ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಅವಳಿಗೆ ತಪ್ಪು ಕಂಡಿತು. ಹಳೆಯ ಜನರೇಟರಿನ ಫೈಲನ್ನೇ ನಕಲು ಮಾಡಿ ಹೆಸರು, ತೂಕ, ಸಾಮರ್ಥ್ಯ ಎಲ್ಲ ಬದಲಿಸಿದ್ದಳು. ಒಳತಡೆಯ ಅಂಕಿ ಮಾತ್ರ ಹಳೆಯದೇ ಉಳಿದಿತ್ತು. ಅದನ್ನು ನಂಬಿ, ಶಾರ್ಟ್ ಆದಾಗ ಕರೆಂಟು ಕತ್ತರಿಸುವ ಹಡಗಿನ ಬ್ರೇಕರುಗಳನ್ನು ಆರಿಸಿದ್ದರು. ಈಗ ಸರಿಯಾದ ಅಂಕಿ ಹಾಕಿ ನೋಡಿದರೆ, ಅಯ್ಯೋ, ಶಾರ್ಟ್ ಆದಾಗಿನ ಕರೆಂಟು ಬ್ರೇಕರಿನ ತಾಕತ್ತಿನ ಎರಡರಷ್ಟು! ಕತ್ತರಿಸಬೇಕಾದ ಬ್ರೇಕರೇ ಸಿಡಿಯುತ್ತದೆ. ಆ ಜನರೇಟರು ಕೂರಿಸಿದ ನಿಜವಾದ ಹಡಗು ನಾಲ್ಕಕ್ಕೆ ಹೊರಡುತ್ತದೆ. ಅದರ ಸ್ವಿಚ್‌ಬೋರ್ಡಿನ ಮುಂದೆ ನಿಲ್ಲುವ ಎಲೆಕ್ಟ್ರಿಷಿಯನ್ ಅವಳ ಸ್ವಂತ ತಮ್ಮ.

(ತಮ್ಮನನ್ನು ತಂದು ನಿಲ್ಲಿಸಿದ್ದು ನಾನೇ. ನನ್ನ ಹಳೇ ಚಾಳಿ.)

೪.
ಅವಳು ನನ್ನ ಮೇಲೇ ರೇಗಿದಳು. “ತಮ್ಮ ಇಲ್ದಿದ್ರೆ ನಾನು ಸುಮ್ನಿರ್ತಿದ್ದೆ ಅಂದ್ಕೊಂಡ್ರಾ? ತೆಗೀರಿ ಅವನನ್ನ!”

“ತೆಗೆದ್ರೆ ಓದೋರು ಯಾಕಮ್ಮಾ ಓದ್ತಾರೆ?”

“ಓದ್ದಿದ್ರೆ ಬಿಡ್ಲಿ. ಅಲ್ಲಿ ಯಾರೋ ಒಬ್ಬ ನಿಂತೇ ಇರ್ತಾನಲ್ರೀ.”

ತಮ್ಮನನ್ನು ಅಳಿಸಿದೆ.

೫.
ಮೂರೂವರೆ. ಒಂದು ಮುಕ್ತಾಯ: ಅವಳು ಫೈಲು ಮುಚ್ಚುತ್ತಾಳೆ, ಇಪ್ಪತ್ತು ವರ್ಷ ಎಲ್ಲೂ ಶಾರ್ಟೇ ಆಗುವುದಿಲ್ಲ. (ಹೆಚ್ಚಿನ ಸಲ ಹೀಗೇ ಆಗುವುದು.) ಇನ್ನೊಂದು: ಬಾಯಿಬಿಡುತ್ತಾಳೆ, ಕೆಲಸ ಹೋಗುತ್ತದೆ. ಹನ್ನೊಂದು ತಿಂಗಳು ದುಡಿದು ಹಣ್ಣಾದವಳು; ಮೊದಲನೆಯದೇ ಇರಲಿ ಎಂದು ನಾನೇ ಮೆಲ್ಲಗೆ ಹೇಳಿದೆ. ಅವಳು ಕೇಳಿಸಿಕೊಳ್ಳದೆ ಮೇಲಧಿಕಾರಿಗೆ ಫೋನು ಮಾಡಿದಳು.

“ಸರ್, ಹಡಗು ಬಿಡ್ಬೇಡಿ. ಬ್ರೇಕರ್ ಲೆಕ್ಕ ಕೆಟ್ಟಿದೆ, ತಪ್ಪು ನಂದೇ.”

“ಈಗ ಹೇಳ್ತಿದೀಯಲ್ಲಮ್ಮಾ! ಎಲ್ಲರ ಸಹಿ ಆಗ್ಹೋಗಿದೆ.”

“ಈಗ್ಲೇ ಗೊತ್ತಾಗಿದ್ದು ಸರ್. ನನ್ನ ಸಹಿ ವಾಪಸ್ ತಗೋತಿದೀನಿ.”

ಆ ಕಡೆ ದೀರ್ಘ ನಿಟ್ಟುಸಿರು. “ಲೈನಲ್ಲೇ ಇರು.”

೬.
ಅವಳು ರಿಸೀವರು ಕಿವಿಗೊತ್ತಿಕೊಂಡು ಕೂತಿದ್ದಾಳೆ. ಗಂಟೆ ಮೂರೂ ಐವತ್ತೆರಡು. ಹಡಗು ನಿಂತಿತೋ ಇಲ್ಲವೋ ಎಂದು ನೀವು ಕೇಳುತ್ತೀರಿ. ಅವಳಿಗಿಂತ ಮೊದಲು ನಿಮಗೆ ಹೇಳಲು ನನಗೆ ಮನಸ್ಸು ಬರುತ್ತಿಲ್ಲ.