ಹತ್ತರಲ್ಲಿ ಮೂರು

ಲಕ್ಷ್ಮಣಪ್ಪ ತೀರಿಕೊಂಡ ಸುದ್ದಿ ನನಗೆ ಹುಲಿಗಿಯಲ್ಲಿ, ಹೊಳೆಯಲ್ಲಿ ಮಿಂದು ಮೇಲೆ ಬರುತ್ತಿರುವಾಗ ತಿಳಿಯಿತು. ಅವನ ಮಗ ಮಾಂತೇಶ ಫೋನಿನಲ್ಲಿ, “ಕಾಕಾ, ಅಪ್ಪ ಹೋದ್ರು. ನಾಕಕ್ಕ ಮಣ್ಣು ಐತಿ, ಬರ್ರಿ” ಎಂದ. ಒದ್ದೆ ಧೋತರದಲ್ಲೇ ಕುಳಿತುಬಿಟ್ಟೆ. ಆರು ತಿಂಗಳಿಂದ ನಾನು ಅವನೊಡನೆ ಮಾತು ಬಿಟ್ಟಿದ್ದೆ.

ಅಳವಂಡಿಯಲ್ಲಿ ನಾವಿಬ್ಬರೂ ಓರಗೆಯವರು. ಅವನು ಗಣಿತದ ಮಾಸ್ತರನಾಗಿ ನಿವೃತ್ತನಾದವನು. ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತಗಳ ವೇಗವನ್ನು ಇಸವಿವಾರು ಬರೆದು ಲೆಕ್ಕ ಹಾಕುವುದು ಅವನ ಹುಚ್ಚು. ಕಳೆದ ಕಾರ್ತಿಕದಲ್ಲಿ ನಾನು ಊರಿನ ಹದಿನಾಲ್ಕು ಮುದುಕಿಯರನ್ನು ಪುರಿಗೆ, ಸಮುದ್ರಸ್ನಾನಕ್ಕೆ ಕರೆದೊಯ್ಯಲು ಸಿದ್ಧನಾಗಿದ್ದೆ. ಅದು ನನ್ನ ಹಳೆಯ ಹರಕೆ. ಕೊಲ್ಲಿಯಲ್ಲಿ ಗಾಳಿ ಎದ್ದಿದೆ ಎಂದು ಕೇಳಿ ಅವನು ಬಂದ.

“ಇಂಥಾ ಗಾಳಿ ಹತ್ತರಾಗ ಮೂರು ಭಾರೀ ಆಗ್ತಾವ, ಕೊಟ್ರಪ್ಪ.”

“ಏಳು ಆಗೂದಿಲ್ಲಲ್ಲ?”

“ಆಗೂದಿಲ್ಲ. ಇದು ಮೂರರಾಗಿಂದೋ ಏಳರಾಗಿಂದೋ ನನಗ ಗೊತ್ತಿಲ್ಲ. ಇಲ್ಲೀತನಕ ಬಂದ ದೊಡ್ಡ ಗಾಳೀನ ಕಡೀ ದೊಡ್ಡದು ಅಂತ ತಿಳೀಬ್ಯಾಡ. ಮುದುಕೇರನ್ನ ಕರಕೊಂಡು ಹೋಗಬ್ಯಾಡ.”

ಪ್ರಯಾಣ ನಿಲ್ಲಿಸಿದೆ. ಗಾಳಿ ದಡ ಮುಟ್ಟುವ ಮೊದಲೇ ಸೊರಗಿತು. ಪುರಿಯಲ್ಲಿ ಹನಿ ಮಳೆಯೂ ಬೀಳಲಿಲ್ಲ. “ನಿಮ್ಮ ಮಾಸ್ತರ ನಮ್ಮ ಪುಣ್ಯಾನೂ ಕಳದ ನೋಡ್ರಿ” ಎಂದು ಹೊರಟಿದ್ದ ಮುದುಕಿಯರಲ್ಲೊಬ್ಬಳಾದ ಸುಂಕಲಮ್ಮ ಚುಚ್ಚಿದಳು. ಆ ಸಿಟ್ಟಿನಲ್ಲಿ ಚಹಾದ ಅಂಗಡಿಯ ಮುಂದೆ, ಎಲ್ಲರೆದುರು ಅವನಿಗೆ ಹೇಳಿದೆ: “ಪಂಚಾಂಗದವ್ರ ವಾಸಿ, ಒಂದ ಸುಳ್ಳು ಹೇಳ್ತಾರ. ನೀ ಹತ್ತೂ ಒಮ್ಮಿಗೇ ಹೇಳ್ತಿ.” ಮಂದಿ ನಕ್ಕರು. ಅವನು ಕೈಯಲ್ಲಿದ್ದ ಲೆಕ್ಕದ ಹಾಳೆ ಮಡಚಿ ಎದ್ದುಹೋದ.

ಊರಿಗೆ ಹೋಗಿ ಮಣ್ಣು ಕೊಟ್ಟ ಮೇಲೆ ಅವನ ಹೆಂಡತಿ ದುರಗಮ್ಮನ ಮುಂದೆ ಕುಳಿತೆ. ಕೇಳದೆ ಇರಲಾಗಲಿಲ್ಲ.

“ತಂಗಿ, ಅವಗ ನನ್ನ ಮ್ಯಾಲ ಸಿಟ್ಟಿತ್ತೇನವಾ?”

“ಸಿಟ್ಟ್ಯಾಕ ಅಣ್ಣಾ. ಅವತ್ತ ಮನಿಗೆ ಬಂದು, ‘ಕೊಟ್ರಪ್ಪ ಎಲ್ಲಾರ ಮುಂದ ಬೈದ. ಬೈಯಾಕ ಅವ ಜೀವಂತ ಅದಾನ, ನಗಾಕ ಆ ಮುದುಕೇರೆಲ್ಲಾರೂ ಅದಾರ. ಅಷ್ಟ ಸಾಕು’ ಅಂತ ಒಂದು ರೊಟ್ಟಿ ಹೆಚ್ಚಿಗಿ ಉಂಡ್ರು. ನೀವು ಬರ್ತೀರಂತ ದಿನಾ ಬಾಗಲಾ ನೋಡತಿದ್ರು.”

ದುರಗಮ್ಮನೇ ನೀರು ತಂದುಕೊಟ್ಟಳು.

ಶಿವನೇ, ನಾನು ಬೇಡಬೇಕಾದ ಕ್ಷಮೆಯನ್ನು ನಾನು ಕೇಳುವ ಮೊದಲೇ ಅವನು ಕೊಟ್ಟು ಹೋದ. ನನ್ನ ಗೆಳೆಯನನ್ನು ನಿನ್ನ ಪಾದದ ಹತ್ತಿರ ಕೂಡಿಸಿಕೋ. ಅವನ ಜೀವಕ್ಕೆ ತಂಪು ಕೊಡು, ಶಾಂತಿ ಕೊಡು.